ಶೂ ಕೋಣೆಯಲ್ಲಿ ಬರೆದ ಕಾದಂಬರಿಗಳು

ನಮ್ಮ ಚಿಲಕ ನಾಲ್ಕು ಕಾದಂಬರಿ ಬರೆದಿದ್ದಾಳೆ. ನಾಲ್ಕೂ ಹುಟ್ಟಿದ್ದು ಒಂದು ಡಾನ್ಸ್ ಶಾಲೆಯ ಶೂ ಇಡುವ ಕೋಣೆಯಲ್ಲಿ, ಬೆಳಗಿನ ಎರಡು ತರಗತಿಗಳ ನಡುವೆ ಸಿಗುವ ಇಪ್ಪತ್ತು ನಿಮಿಷದ ಬಿಡುವಿನಲ್ಲಿ. ಪುಸ್ತಕದ ಹಿಂಬದಿಯ ಫೋಟೊ ನೋಡಿದವರು, ಈಕೆ ದೊಡ್ಡ ಮೇಜು ಹಾಕಿಕೊಂಡು, ಕಿಟಕಿಯಲ್ಲಿ ಹೂಕುಂಡ ಇಟ್ಟುಕೊಂಡು ಬರೆಯುವವಳು ಅಂದುಕೊಳ್ಳುತ್ತಾರೆ. ಆ ಕೋಣೆಗೆ ಕಿಟಕಿಯೇ ಇಲ್ಲ. ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಮರದ ಗೂಡುಗಳು, ಗೂಡಿಗೊಂದು ಜೊತೆ ಮೆತ್ತನೆಯ ಶೂ, ಮೂಗಿಗೆ ಬಡಿಯುವ ಬೆವರಿನ ವಾಸನೆ. ನಡುವೆ ಒಂದು ಸ್ಟೂಲು. ಅವಳ ಸಾಹಿತ್ಯದ ಆಸ್ಥಾನ ಅಂದರೆ ಅಷ್ಟೇ.

ನಾನು ಅವಳ ಸೋದರಮಾವ. ಹಾರ್ಮೋನಿಯಂ ರಿಪೇರಿ ನನ್ನ ಕಸುಬು. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಆಮೇಲೆ ನನಗೆ ಪಾಠ ಹೇಳಿದ್ದು ಕೆಟ್ಟು ಬಂದ ಪೆಟ್ಟಿಗೆಗಳು. ಒಂದೊಂದನ್ನೂ ಬಿಚ್ಚಿ, ಏಕೆ ಕೆಟ್ಟೆ ಎಂದು ಅದನ್ನೇ ಕೇಳಿ ಕೇಳಿ ಕಲಿತೆ. ಓದು ಬರಹವೂ ಹಾಗೆಯೇ. ಅಂಗಡಿ ಬೋರ್ಡು, ಸಾಮಾನು ಕಟ್ಟಿಕೊಟ್ಟ ಹಳೇ ಪೇಪರು, ಬಸ್ಸಿನ ಹಣೆಪಟ್ಟಿ, ಯಾವುದನ್ನೂ ಬಿಟ್ಟವನಲ್ಲ. ಇವತ್ತು ನನ್ನ ಅಕ್ಷರ ಕಂಡರೆ ಯಾವ ಮೇಷ್ಟರಾದರೂ ತಲೆದೂಗಬೇಕು. ಜಂಬ ಎಂದು ಯಾರಾದರೂ ಅಂದರೆ ಅನ್ನಲಿ.

ಅವಳ ತಾಯಿ, ಅಂದರೆ ನನ್ನ ತಂಗಿ, ಬಟ್ಟೆ ಕಾರ್ಖಾನೆಯಲ್ಲಿ ಶರಟಿಗೆ ಕಾಲರು ಹೊಲಿಯುತ್ತಿದ್ದಳು. ತಂದೆ ಹಡಗಿನಲ್ಲಿ ಅಡುಗೆಯವರು, ವರ್ಷಕ್ಕೊಂದು ಸಲ ಬಂದು ತಿಂಗಳಿದ್ದು ಹೋಗುವವರು. ಹೀಗಾಗಿ ಮೂರು ವರ್ಷದ ಮಗುವಾಗಿದ್ದಾಗಿನಿಂದಲೇ ಅವಳು ನನ್ನ ವರ್ಕ್‌ಷಾಪಿನ ಪಾಲು. ಮಾತು ಅಂದರೆ ಮಾತೇ ಇಲ್ಲ. ಹಸಿವಾದರೆ ಬಂದು ನನ್ನ ಹೆಂಡತಿಯ ಸೆರಗು ಹಿಡಿದು ನಿಲ್ಲುವುದು, ನಿದ್ದೆ ಬಂದರೆ ಮೂಲೆಯಲ್ಲಿ ಮುದುರಿಕೊಳ್ಳುವುದು. ಒಂದು ದಿನ ನನ್ನ ಹೆಂಡತಿ, "ಅಲ್ಲಾ, ಇದರ ಬಾಯಿಗೆ ಚಿಲಕ ಯಾರು ಹಾಕಿದ್ರು?" ಅಂದಳು. ಹೆಸರು ಅಂಟಿಕೊಂಡಿತು. ಮನೆಯವರಿಗೆ ಈಗಲೂ ಅವಳು ಚಿಲಕವೇ.

ಆದರೆ ಸುಮ್ಮನಿದ್ದವಳು ಸುಮ್ಮನೆ ಇರಲಿಲ್ಲ. ಹಾರ್ಮೋನಿಯಮ್ಮಿನೊಳಗೆ ರೀಡು ಎಂದು ಹಿತ್ತಾಳೆಯ ಸಣ್ಣ ನಾಲಿಗೆಗಳಿರುತ್ತವೆ, ಗಾಳಿ ತಾಕಿದರೆ ಅದುರಿ ದನಿ ಕೊಡುತ್ತವೆ. ನಾನು ಸವೆದ ರೀಡುಗಳನ್ನು ಕಿತ್ತು ಒಂದು ತಟ್ಟೆಗೆ ಹಾಕುತ್ತಿದ್ದೆ. ಅವಳು ಒಂದೊಂದನ್ನೂ ತುಟಿಗಿಟ್ಟು ಊದಿ, ದಪ್ಪ ದನಿಯದು ಈ ಕಡೆ, ಸಣ್ಣ ದನಿಯದು ಆ ಕಡೆ ಎಂದು ನೆಲದ ಮೇಲೆ ಸಾಲು ಹಚ್ಚುತ್ತಿದ್ದಳು. ಐದು ವರ್ಷದ ಕೂಸು, ಒಂದೂ ತಪ್ಪುತ್ತಿರಲಿಲ್ಲ. ಒಂದು ದಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದೆ.

"ಇದು ಯಾವ ದನಿ ಕೂಸೇ?"

"ಇದು ಅತ್ತೆಗೆ ಕೋಪ ಬಂದಾಗ."

"ಇದು?"

"ಇದು ಅಪ್ಪ ಹೋಗೋ ದಿನ."

ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಇಷ್ಟು ವರ್ಷ ರೀಡು ಹಿಡಿದ ನನ್ನ ಕೈಗೆ ತೋಚದ್ದು ಆ ಕೂಸಿಗೆ ತೋಚಿತ್ತು.

ಹನ್ನೆರಡನೇ ವಯಸ್ಸಿಗೆ ಅವಳ ಕಾಲು ತುಳಿಮಣೆಗೆ ಎಟುಕಿತು. ನಾನು ಹೇಳುತ್ತಿರುವುದು ಕಾಲಲ್ಲಿ ತುಳಿದು ಗಾಳಿ ತುಂಬುವ ದೊಡ್ಡ ಹಾರ್ಮೋನಿಯಮ್ಮಿನ ಮಾತು. ಎರಡು ಕೈಯೂ ಬಾರಿಸಲು ಬಿಡುವಾಗಿರುತ್ತದೆ. ರಿಪೇರಿಗೆ ಬಂದ ಪೆಟ್ಟಿಗೆಗಳ ಮೇಲೆಲ್ಲ ಕೈಯಾಡಿಸಿ ಅವಳೇ ಕಲಿತಳು. ಇಪ್ಪತ್ತಕ್ಕೆ ಡಾನ್ಸ್ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳು ಗೋಡೆಯ ಕಂಬಿ ಹಿಡಿದು ಕಾಲೆತ್ತಿ ಇಳಿಸುವಾಗ ಇವಳು ಬಾರಿಸಬೇಕು. ಎಂಟು ಎಣಿಕೆ, ಮತ್ತೆ ಎಂಟು ಎಣಿಕೆ, ಒಂದು ಗಂಟೆಯಲ್ಲಿ ಅದನ್ನೇ ನೂರು ಸಲ. ಬೇರೆ ಯಾರಾದರೂ ಆಗಿದ್ದರೆ ತಲೆ ಕೆಟ್ಟು ಓಡಿಹೋಗುತ್ತಿದ್ದರು. ಇವಳಿಗೆ ಅದೇ ಭಾಗ್ಯ. ಕೈ ತನ್ನ ಪಾಡಿಗೆ ದುಡಿಯುತ್ತಿರುವಾಗ ತಲೆ ಒಂದು ವಾಕ್ಯ ಕಟ್ಟುತ್ತಿತ್ತು. ಅದೇ ವಾಕ್ಯವನ್ನು ಎಂಟೆಂಟು ಎಣಿಕೆಗೂ ತಿರುವಿ ತಿರುವಿ ನೋಡುತ್ತಿದ್ದಳು. ಬಿಡುವು ಸಿಕ್ಕ ಕೂಡಲೆ ಶೂ ಕೋಣೆಗೆ ಹೋಗಿ ಬರೆದಿಡುವುದು. ನೂರು ಸಲ ಬಾರಿಸಿ ನೋಡಿದ ವಾಕ್ಯವಾದ್ದರಿಂದ ಚಿತ್ತುಕಾಟು ಬೀಳುತ್ತಿರಲಿಲ್ಲ. ದಿನಕ್ಕೆ ಒಂದು ಪುಟ, ಕೆಲವು ದಿನ ಅರ್ಧ.

ಶನಿವಾರ ಮಧ್ಯಾಹ್ನ ವಾರದ ಪುಟಗಳನ್ನು ತಂದು ವರ್ಕ್‌ಷಾಪಿನಲ್ಲಿ ಓದುತ್ತಿದ್ದಳು. ನಾನು ಅರದಲ್ಲಿ ರೀಡು ಉಜ್ಜುತ್ತ ಕೇಳುತ್ತಿದ್ದೆ. ಮೊದಲ ಕಾದಂಬರಿ ಒಬ್ಬ ಆಸ್ಪತ್ರೆಯ ಲಿಫ್ಟ್ ನಡೆಸುವ ಹೆಂಗಸಿನದು. ಒಂದು ಮಹಡಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಿವಿಗೆ ಬೀಳುವ ಅರ್ಧರ್ಧ ಮಾತುಗಳಲ್ಲೇ ಅವಳಿಗೆ ಲೋಕವೆಲ್ಲ ತಿಳಿಯುತ್ತದೆ. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಪೂರ್ತಿ ಒಂದು ಸಲ ಓದಿದಳು. ನನಗೆ ಪ್ರಾಣವಾಗಿದ್ದ ಜಾಗಗಳಲ್ಲಿ ಒಂದೂ ಅದರಲ್ಲಿಲ್ಲ.

"ಲಿಫ್ಟ್ ನಿಂತುಹೋದಾಗ ಆ ಮುದುಕ ಬಾಗಿಲಿಗೆ ಕಿವಿ ಕೊಡ್ತಾನಲ್ಲ, ಅದೆಲ್ಲಿ ಹೋಯ್ತೇ?"

"ತೆಗೆದುಬಿಟ್ಟೆ ಮಾವ."

"ಯಾಕೆ?"

"ಅಲ್ಲಿ ನೀವು ಉಜ್ಜೋದು ನಿಲ್ಲಿಸಿದ್ರಿ. ಹಿಡಿಸಲಿಲ್ಲ ಅಂದುಕೊಂಡೆ. ನೀವು ನಿಲ್ಲಿಸಿದ ಕಡೆ ಎಲ್ಲಾ ತೆಗೆದಿದೀನಿ."

"ಅಯ್ಯೋ ಪುಣ್ಯಾತ್ಗಿತ್ತಿ, ಚೆನ್ನಾಗಿದೆ ಅಂತಲೇ ಕಣೇ ನಿಲ್ಲಿಸಿದ್ದು. ಕೈ ಓಡಬೇಕಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಂದು ವರ್ಷದಿಂದ ಎದುರುಬದುರು ಕೂತಿದೀರಿ, ಒಂದು ಮಾತು ಬಾಯಿ ಬಿಟ್ಟು ಕೇಳಬಾರದಾ? ಚಿಲಕ ಒಂದೇ ಇದೆ ಅಂತಿದ್ದೆ, ಈ ಮನೇಲಿ ಎರಡಿವೆ." ಅವತ್ತು ಒಂದು ನೇಮ ಮಾಡಿಕೊಂಡೆವು. ಕೆಟ್ಟಿದ್ದರೆ ನಾನು ಕೆಮ್ಮಬೇಕು. ಇಲ್ಲವಾದರೆ ಅರ ನಿಂತರೂ ಸರಿ, ಓಡಿದರೂ ಸರಿ, ಅವಳು ಮುಟ್ಟಕೂಡದು. ತೆಗೆದ ಹದಿಮೂರು ಜಾಗಗಳನ್ನು ಕಸದ ಬುಟ್ಟಿಗೆ ಹಾಕಿರಲಿಲ್ಲ, ಸದ್ಯ. ಮತ್ತೆ ಸೇರಿಸಿದಳು.

ಪ್ರಕಾಶಕರು ತೆಳ್ಳನೆಯ ಮನುಷ್ಯ, ಎರಡೇ ಕೋಣೆಯ ಆಫೀಸು. ಹಸ್ತಪ್ರತಿಯನ್ನು ತಮ್ಮ ಅಣ್ಣನ ಆಸ್ಪತ್ರೆ ಮಂಚದ ಪಕ್ಕ ಕೂತು ಓದಿದರಂತೆ. ಓದಿ ಮುಗಿಸಿ ಲಿಫ್ಟಿನಲ್ಲಿ ಇಳಿಯುವಾಗ, ಅದನ್ನು ನಡೆಸುವಾಕೆಗೆ ಮೊದಲ ಸಲ ನಮಸ್ಕಾರ ಹೇಳಿದರಂತೆ. ಅದನ್ನೇ ಕಾಗದದಲ್ಲಿ ಬರೆದು, ಪುಸ್ತಕ ಮಾಡುತ್ತೇವೆ ಎಂದರು. ಆ ಕಾಗದ ಈಗಲೂ ನನ್ನ ಉಪಕರಣದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿದೆ. ಆಮೇಲೆ ಒಂದೇ ಗೋಡೆ ಹಂಚಿಕೊಂಡು ಮಾತು ಬಿಟ್ಟ ಅಣ್ಣತಮ್ಮಂದಿರ ಕಾದಂಬರಿ ಬಂತು. ಅದಾದ ಏಳು ವರ್ಷಕ್ಕೆ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡುವ ಅಧಿಕಾರಿಯದು. ಮೂರನೆಯದಕ್ಕೆ ಒಂದು ಬಹುಮಾನ ಬಂತು. ಸಭೆಯಲ್ಲಿ ಮಾತಾಡು ಎಂದರೆ ಇವಳು ಎದ್ದು ನಿಂತು, "ಕೂತು ಬಾರಿಸ್ತೀನಿ, ಅದು ಬರುತ್ತೆ," ಎಂದು ಮೂಲೆಯಲ್ಲಿ ಪ್ರಾರ್ಥನೆಗೆಂದು ಇಟ್ಟಿದ್ದ ಪೆಟ್ಟಿಗೆಯ ಮುಂದೆ ಕೂತಳು. ಐದು ನಿಮಿಷ ಬಾರಿಸಿ ಕೆಳಗಿಳಿದಳು. ಮುಂದಿನ ಸಾಲಿನ ಪಂಡಿತರೊಬ್ಬರು, ಇಷ್ಟು ಚಿಕ್ಕ ಭಾಷಣ ನಾನು ಕೇಳಿರಲಿಲ್ಲ, ಇಷ್ಟು ಒಳ್ಳೆಯದನ್ನೂ ಕೇಳಿರಲಿಲ್ಲ ಎಂದರು. ನನ್ನ ಎದೆ ಎರಡು ಗೇಣು ಉಬ್ಬಿತು. ಆ ಪೆಟ್ಟಿಗೆಯ ಶ್ರುತಿ ಸ್ವಲ್ಪ ಇಳಿದಿತ್ತು, ಅದೊಂದೇ ಬೇಸರ.

ಚಿಲಕ ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆಲ್ಲ ನನ್ನ ತಂಗಿ, "ಅವಳಿಗೆ ಪುರುಸೊತ್ತಿಲ್ಲ," ಎಂದು ಹೇಳಿ ಕಾಫಿ ಕೊಟ್ಟು ಕಳಿಸುತ್ತಿದ್ದಳು.

ಬರಸಿಡಿಲು ಎನ್ನುವಂಥದ್ದೇನೂ ಬಡಿಯಲಿಲ್ಲ. ಬಂದದ್ದು ಬಹಳ ಸಣ್ಣದು. ನಲವತ್ತಾರರ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಅವಳ ಬಲಗೈಯ ಉಂಗುರದ ಬೆರಳು ಮಡಿಸಿದ್ದು ಮಡಿಸಿದಂತೆಯೇ ಇತ್ತು. ಎಡಗೈಯಿಂದ ಹಿಡಿದು ಬಿಡಿಸಿದರೆ ಟಪ್ ಎಂದು ಬಿಚ್ಚಿಕೊಂಡಿತು. ವಾರ ಕಳೆಯುವಷ್ಟರಲ್ಲಿ ಪೆನ್ನು ಹಿಡಿದರೂ ಸಿಕ್ಕಿಕೊಳ್ಳತೊಡಗಿತು, ಹಾರ್ಮೋನಿಯಮ್ಮಿನ ಮನೆ ಒತ್ತಿದರೂ ಸಿಕ್ಕಿಕೊಳ್ಳತೊಡಗಿತು. ಮನೆ ಅಂದರೆ ನಾವು ಬೆರಳಿಟ್ಟು ಒತ್ತುವ ಕರಿಬಿಳಿ ಪಟ್ಟಿಗಳು. ಕೈ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಬೆರಳಿನ ಬುಡವನ್ನು ಅದುಮಿ ನೋಡಿದರು.

"ಏನು ಕೆಲಸ ಮಾಡ್ತೀರಿ?"

"ಹಾರ್ಮೋನಿಯಂ ಬಾರಿಸ್ತೀನಿ. ಬರೀತೀನಿ."

"ಎರಡರಲ್ಲಿ ಒಂದು ಬಿಡಿ."

ನೆಗಡಿಗೆ ಮೊಸರು ಬಿಡಿ ಎಂದ ಹಾಗೆ ಹೇಳಿದರು. ಬೆರಳು ಓಡುವ ದಾರಿಯಲ್ಲಿ ಊತ ಇದೆ, ಸೂಜಿ ಚುಚ್ಚುತ್ತೇನೆ, ಆದರೆ ಎರಡೂ ಕೆಲಸ ಮಾಡಿದರೆ ಊತ ಇಳಿಯುವುದಿಲ್ಲ, ಬೆರಳು ಖಾಯಂ ಮಡಿಸಿಕೊಂಡೇ ಉಳಿದೀತು ಎಂದರು. ಹೊರಗೆ ಬಂದ ಮೇಲೆ ನಾನು, "ಡಾಕ್ಟರು ಸುಮ್ನೆ ಹೆದರಿಸ್ತಾರೆ ಬಿಡು," ಅಂದೆ. ಅವಳು ಬಸ್ಸಿನಲ್ಲಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

ಆಗ ನಾಲ್ಕನೇ ಕಾದಂಬರಿ ಅರ್ಧಕ್ಕೆ ಬಂದಿತ್ತು. ಅರವತ್ತರ ವಯಸ್ಸಿನಲ್ಲಿ ಈಜು ಕಲಿಯಲು ಹೋಗುವ ಒಬ್ಬ ವಿಧವೆಯ ಕಥೆ. ನೂರ ಹನ್ನೆರಡನೇ ಪುಟದಲ್ಲಿ ಆಯಮ್ಮ ಈಜುಕೊಳದ ಏಣಿ ಇಳಿದು, ಎದೆಮಟ್ಟ ನೀರಿನಲ್ಲಿ, ಕಂಬಿ ಬಿಡಲಾರದೆ ನಿಂತಿದ್ದಳು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನನಗೆ ತೋಚಿದ್ದು ನನ್ನ ಕಸುಬಿನ ಉಪಾಯ. ಪ್ರತಿ ಮನೆಯ ಕೆಳಗೂ ಒಂದು ಸ್ಪ್ರಿಂಗು ತಂತಿ ಇರುತ್ತದೆ. ಮನೆ ಒತ್ತಿದರೆ ಗಾಳಿಯ ಬಾಗಿಲು ತೆರೆದು ರೀಡು ನುಡಿಯುತ್ತದೆ, ಬಿಟ್ಟರೆ ಆ ತಂತಿ ಬಾಗಿಲನ್ನು ಮತ್ತೆ ಮುಚ್ಚುತ್ತದೆ. ತಂತಿ ಬಿಗಿಯಾಗಿದ್ದಷ್ಟೂ ಬೆರಳಿಗೆ ಕೆಲಸ ಹೆಚ್ಚು. ಹಾಗಾದರೆ ತಂತಿ ಸಡಿಲ ಮಾಡಿದರೆ ಆಯಿತಲ್ಲ? ಡಾನ್ಸ್ ಶಾಲೆಗೆ ಹದಿನೈದು ದಿನ ರಜೆ ಬಂತು. ಅವರ ಹಾರ್ಮೋನಿಯಮ್ಮನ್ನು ಗಾಡಿಯಲ್ಲಿ ವರ್ಕ್‌ಷಾಪಿಗೆ ತರಿಸಿದೆ. ಅರವತ್ತೊಂದು ಮನೆ, ಅರವತ್ತೊಂದು ತಂತಿ. ಒಂದೊಂದನ್ನೂ ಇಕ್ಕಳದಲ್ಲಿ ಹಿಡಿದು ಕೂದಲೆಳೆಯಷ್ಟು ಬಗ್ಗಿಸುವುದು. ಹೆಚ್ಚು ಸಡಿಲವಾದರೆ ಬಾಗಿಲು ಮುಚ್ಚದೆ ಪೆಟ್ಟಿಗೆ ತಾನೇ ಗೊಂಯ್ ಎನ್ನುತ್ತದೆ, ಆ ಅಂಚಿನವರೆಗೂ ಹೋಗಿ ನಿಲ್ಲಬೇಕು. ತಂಗಿ ಹಿಂದೆ ಕಾರ್ಖಾನೆಯಿಂದ ತಂದಿದ್ದ ಲೋಹದ ಗುಂಡಿಗಳನ್ನು ತೂಕಕ್ಕೆ ಇಟ್ಟುಕೊಂಡೆ. ಮೊದಲು ನಾಲ್ಕು ಗುಂಡಿ ಇಟ್ಟರೆ ಇಳಿಯುತ್ತಿದ್ದ ಮನೆ ಈಗ ಎರಡಕ್ಕೇ ಇಳಿಯುವಂತಾಯಿತು.

"ಊಟ ಆರಿಹೋಯ್ತು," ಎಂದು ಹೆಂಡತಿ ದಿನವೂ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು.

"ಬೆಣ್ಣೆ ಮಾಡಿಟ್ಟಿದೀನಿ ನೋಡು. ಉಫ್ ಅಂದ್ರೆ ಇಳಿಯುತ್ತೆ."

"ಬೆಣ್ಣೆ ಬೇಕು ಅಂತ ಅವಳು ಕೇಳಿದ್ಲಾ?"

ಈ ಹೆಂಗಸರಿಗೆ ಕಸುಬಿನ ಸೂಕ್ಷ್ಮ ಎಲ್ಲಿ ತಿಳಿಯಬೇಕು ಎಂದುಕೊಂಡೆ. ಪೆಟ್ಟಿಗೆ ಶಾಲೆಗೆ ವಾಪಸು ಹೋಯಿತು. ಚಿಲಕ ಅದರ ಮೇಲೆ ಕೈಯಾಡಿಸಿ, "ತುಂಬಾ ಹಗುರ ಆಗಿದೆ ಮಾವ," ಎಂದಳು. ನಾನು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡೆ.

ಅದಾದ ಮೇಲೆ ಶನಿವಾರ ಬರುತ್ತಿದ್ದಳು, ಕೂರುತ್ತಿದ್ದಳು, ಪುಟ ಮಾತ್ರ ತರುತ್ತಿರಲಿಲ್ಲ. ಕೇಳಿದರೆ, ಈ ವಾರ ಆಗಲಿಲ್ಲ ಅನ್ನುವಳು. ಬೆರಳು ನೋಯುತ್ತಿರಬೇಕು ಎಂದುಕೊಂಡೆ. ಹೀಗೆ ಮೂರು ತಿಂಗಳು. ಒಂದು ದಿನ ಶಾಲೆಯ ಡಾನ್ಸ್ ಮೇಡಂ ಹೇಳಿಕಳಿಸಿದರು, ಬಂದು ಹೋಗಿ ಎಂದು. ಅವರು ಉದ್ದನೆಯ, ನೆಟ್ಟನೆಯ ಹೆಂಗಸು, ಕೈಯಲ್ಲಿ ಸದಾ ಒಂದು ಕೋಲು. ಮಕ್ಕಳಿಗೆ ಹೊಡೆಯಲು ಅಲ್ಲ, ನೆಲಕ್ಕೆ ಕುಟ್ಟಿ ಎಣಿಕೆ ಹೇಳಲು. ಹೊತ್ತು ಅಂದರೆ ಹೊತ್ತು. ಒಂದು ನಿಮಿಷ ತಡವಾಗಿ ಬಂದವರನ್ನು ಒಳಗೆ ಬಿಟ್ಟವರಲ್ಲ.

"ಯಜಮಾನ್ರೇ, ಇಲ್ಲಿ ಕೂತು ನೋಡಿ," ಎಂದು ಗೋಡೆ ಪಕ್ಕದ ಬೆಂಚು ತೋರಿಸಿದರು.

ಚಿಲಕ ನನಗೆ ಬೆನ್ನು ಮಾಡಿ ಬಾರಿಸುತ್ತಿದ್ದಳು, ನಾನು ಬಂದದ್ದು ಅವಳಿಗೆ ಗೊತ್ತಿಲ್ಲ. ಮಕ್ಕಳು ಕಾಲೆತ್ತಿದರು. ಮೂರನೇ ಎಣಿಕೆಗೆ ಒಬ್ಬಳು ತೂರಾಡಿದಳು, ಐದಕ್ಕೆ ಇನ್ನಿಬ್ಬರು. ಸಂಗೀತ ಮುಂದೆ, ಕಾಲು ಹಿಂದೆ. ಮೇಡಂ ಕೋಲು ಕುಟ್ಟಿ ನಿಲ್ಲಿಸಿದರು.

"ಇಪ್ಪತ್ತಾರು ವರ್ಷ ಈಕೆ ಕೈ ನಂಬಿ ಪಾಠ ಹೇಳಿದೀನಿ," ಎಂದು ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು. "ಈಗ ನನ್ನ ಮಕ್ಕಳು ಬಸ್ಸು ತಪ್ಪಿಸಿಕೊಂಡವರ ಹಾಗೆ ಓಡ್ತಿದಾರೆ. ಪೆಟ್ಟಿಗೆಗೆ ಏನು ಮಾಡಿದ್ರಿ ನೀವು?"

"ಹಗುರ ಮಾಡಿದೆ ಮೇಡಂ. ಅವಳ ಬೆರಳಿಗೆ ಅಂತ."

"ಬೆರಳಿಗೆ ಆಯ್ತು. ಉಳಿದವಳಿಗೆ?"

ಅವರು ಮತ್ತೆ ಕೋಲು ಕುಟ್ಟಿದರು, ಚಿಲಕ ಬಾರಿಸತೊಡಗಿದಳು. ಕಿವಿಯಿಟ್ಟು ಕೇಳಿದಾಗ ನನಗೇ ತಿಳಿಯಿತು. ಮೊದಲು ಮನೆ ಒತ್ತಿದರೆ ಬೆರಳು ಒಂದು ಚಣ ಅಲ್ಲಿ ಕೂರುತ್ತಿತ್ತು, ಆಮೇಲೆ ಏಳುತ್ತಿತ್ತು. ಮಕ್ಕಳು ಉಸಿರು ತೆಗೆದುಕೊಳ್ಳುತ್ತಿದ್ದದ್ದು ಆ ಚಣದಲ್ಲಿ. ತಂತಿ ಸಡಿಲಿಸಿ ನಾನು ಅದನ್ನೇ ತೆಗೆದುಹಾಕಿದ್ದೆ.

ಬಿಡುವಿನಲ್ಲಿ ಶೂ ಕೋಣೆಗೆ ಹೋದೆ. ಅವಳು ಸ್ಟೂಲಿನ ಮೇಲೆ ಖಾಲಿ ಹಾಳೆ ಹಿಡಿದು ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಪುಟ ಬರದೆ ಇರೋದು ಬೆರಳಿಂದಲ್ಲ, ಅಲ್ವಾ?" ಅಂದೆ.

ಅವಳು ಖಾಲಿ ಹಾಳೆಯನ್ನು ಒಂದು ಗೂಡಿಗೆ ಸಿಕ್ಕಿಸಿದಳು. "ಒತ್ತೋ ಹೊತ್ತಲ್ಲಿ ಪದ ಬರ್ತಿತ್ತು ಮಾವ. ಈಗ ಕೈ ಮುಂದೆ ಓಡುತ್ತೆ, ಪದ ಹಿಂದೆ ಉಳಿಯುತ್ತೆ. ಮೂರು ತಿಂಗಳಿಂದ ಆಯಮ್ಮ ಏಣಿ ಹಿಡ್ಕೊಂಡು ನೀರಲ್ಲೇ ನಿಂತಿದಾರೆ. ಇಷ್ಟೊತ್ತಿಗೆ ನೆಗಡಿ ಆಗಿರಬೇಕು."

"ಹೇಳಬಾರದಿತ್ತಾ?"

"ಹದಿನೈದು ದಿನ ಊಟ ಬಿಟ್ಟು ಮಾಡಿದ್ರಿ. ಹೇಗೆ ಹೇಳಲಿ?"

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಅರವತ್ತು ವರ್ಷದಿಂದ ಪೆಟ್ಟಿಗೆಗಳನ್ನೆಲ್ಲ ಏಕೆ ಕೆಟ್ಟೆ ಎಂದು ಕೇಳಿದವನು, ಇವಳನ್ನು ಒಂದು ಮಾತು ಕೇಳಿರಲಿಲ್ಲ.

ಭಾನುವಾರ ನಾನೇ ಉಪಕರಣ ಹೊತ್ತು ಶಾಲೆಗೆ ಹೋದೆ. ಅವಳು ಜೊತೆಗೆ ಬಂದಳು. ಖಾಲಿ ಡಾನ್ಸ್ ಹಾಲು, ಗೋಡೆ ತುಂಬ ಕನ್ನಡಿ, ಆ ಕನ್ನಡಿಯಲ್ಲಿ ಒಬ್ಬ ಮುದುಕ, ಒಬ್ಬ ನಡುವಯಸ್ಸಿನವಳು, ಹೊಟ್ಟೆ ತೆರೆದ ಒಂದು ಪೆಟ್ಟಿಗೆ. ಅವಳು ಒಂದೊಂದು ಮನೆಯ ಮೇಲೆ ಗುಂಡಿ ಇಡುವುದು, ನಾನು ತಂತಿ ಬಿಗಿ ಮಾಡುವುದು. ಸಂಜೆಯೊಳಗೆ ಅರವತ್ತೊಂದೂ ಮೊದಲಿನ ತೂಕಕ್ಕೆ ಬಂದವು. ಅವಳು ಕೂತು ನಾಲ್ಕೆಂಟು ಎಣಿಕೆ ಬಾರಿಸಿದಳು. ಎದ್ದಾಗ ಉಂಗುರದ ಬೆರಳು ಮಡಿಸಿಕೊಂಡು ನಿಂತಿತ್ತು. ಎಡಗೈಯಲ್ಲಿ ಬಿಡಿಸಿಕೊಂಡಳು. ಟಪ್ ಎಂದದ್ದು ಆ ಖಾಲಿ ಹಾಲಿನಲ್ಲಿ ನನಗೂ ಕೇಳಿಸಿತು.

ಅಲ್ಲಿಗೆ ಡಾಕ್ಟರ ಮಾತಿನ ಮುಂದೆ ಮತ್ತೆ ಬಂದು ನಿಂತ ಹಾಗಾಯಿತು. ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತೆವು. ನನ್ನ ತಂಗಿಯೂ ಇದ್ದಳು.

"ನಾಲ್ಕು ಬೆರಳಲ್ಲಿ ಬಾರಿಸೋದು ಕಲೀತೀನಿ," ಎಂದಳು ಚಿಲಕ. "ಮೇಡಂ ಹತ್ರ ಕೇಳಿದೀನಿ, ಎರಡು ತಿಂಗಳು ಸಣ್ಣ ಮಕ್ಕಳ ತರಗತಿ ಮಾತ್ರ ಕೊಡ್ತಾರೆ. ಪೆನ್ನು ಮಾತ್ರ ಹಿಡಿಯೋಕಾಗಲ್ಲ. ಬರೆಯೋದು ಬಿಟ್ಟುಬಿಡ್ತೀನಿ."

"ಅಯ್ಯೋ, ಬಾರಿಸೋದು ಬಿಡೇ," ಎಂದಳು ತಂಗಿ. "ನನ್ನ ಪಿಂಚಣಿ ಇದೆ, ಮನೆ ಇದೆ. ಕೂತು ಬರಿ."

"ಬಾರಿಸದೆ ಇದ್ರೆ ಬರೆಯೋಕೆ ಏನೂ ಇರಲ್ಲಮ್ಮ. ಹಗುರ ಬಾರಿಸಿದ್ದಕ್ಕೇ ಏನಾಯ್ತು, ಮೂರು ತಿಂಗಳು ನೋಡಿದೆನಲ್ಲ. ಬಾರಿಸ್ತಾ ಇದ್ರೆ ವಾಕ್ಯ ಆದ್ರೂ ಬರುತ್ತೆ. ಇಡೋಕೆ ಜಾಗ ಇರಲ್ಲ, ಅಷ್ಟೇ."

"ಫೋನಿಗೆ ಹೇಳಿದ್ರೆ ಅದೇ ಬರ್ಕೊಳ್ಳುತ್ತಂತಲ್ಲ?" ಅಂದೆ.

"ನೋಡಿದೆ ಮಾವ. ಅದಕ್ಕೆ ಕೆಮ್ಮೋಕೆ ಬರಲ್ಲ."

ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿ ಸೌಟು ಹಿಡಿದೇ ತಿರುಗಿದಳು. "ಕೆಮ್ಮೋದು ಬೇಕಾ, ಎದುರಿಗೇ ಕೂತಿದೆ. ನನ್ನ ಅಕ್ಷರ ಮುತ್ತು, ನನ್ನ ಅಕ್ಷರ ಮುತ್ತು ಅಂತ ಮದುವೆಯಾದಾಗಿಂದ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಪೋಣಿಸೋಕೆ ಈಗ ಒಂದು ದಾರ ಸಿಕ್ತು. ನಾಳೆಯಿಂದ ಹೋಗಿ ಬರೀರಿ."

"ವರ್ಕ್‌ಷಾಪು?"

"ಬೆಳಿಗ್ಗೆ ಯಾವ ದೊರೆ ಬಂದು ಕಾಯ್ತಿರ್ತಾನೆ ನಿಮಗೆ?"

ಹೀಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ, ನಾಲ್ಕನೇ ಕ್ಲಾಸು ಓದಿದ ನಾನು ಕಾದಂಬರಿ ಬರೆಯಲು ಕೂತೆ. ಶೂ ಕೋಣೆಯ ಸ್ಟೂಲು ನನಗೆ ಬಂತು. ಅವಳು ಗೂಡುಗಳಿಗೆ ಒರಗಿ, ಬಲಗೈಯನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು ನಿಲ್ಲುವಳು. ಪಕ್ಕದ ಹಾಲಿನಲ್ಲಿ ಬಾರಿಸಿ ಬಂದ ಬಿಸಿ ಇನ್ನೂ ಮುಖದಲ್ಲಿರುವಾಗಲೇ ಹೇಳಲು ಶುರುಮಾಡುವಳು. ಮೊದಲ ದಿನ ಅವಳು ಹೇಳಿದ್ದು, ನೀರು ತನಗಾಗಿ ಕಾಯುತ್ತಿಲ್ಲ ಎಂದು ಆಯಮ್ಮನಿಗೆ ಹೊಳೆದ ಬಗ್ಗೆ ಮೂರು ವಾಕ್ಯ. ಮುಗಿದ ಮೇಲೆ, "ಓದಿ ಮಾವ," ಎಂದಳು. ಓದಿದೆ.

"ನಾನು ಕಬ್ಬಿಣದ ಏಣಿ ಅನ್ನಲಿಲ್ಲ."

"ಮತ್ತೆ ಮರದ್ದಾ? ಈಜುಕೊಳದಲ್ಲಿ ಮರದ ಏಣಿ ಯಾವ ದಡ್ಡ ಇಡ್ತಾನೆ?"

"ಬರೀ ತಣ್ಣನೆಯ ಏಣಿ ಅಂದೆ. ಏತರದ್ದು ಅಂತ ಹೇಳದೆ ಇದ್ರೆ ಓದೋರು ತಾವೇ ಮುಟ್ಟಿ ನೋಡ್ತಾರೆ."

ಕಬ್ಬಿಣವನ್ನು ಹೊಡೆದುಹಾಕಿದೆ. ನನ್ನ ಮುತ್ತಿನಂಥ ಪುಟದಲ್ಲಿ ಮೊದಲ ಕಾಟು. ಮಾರನೇ ದಿನದಿಂದ ಹೇಳಿದ್ದಷ್ಟನ್ನೇ ಬರೆದೆ. ಕೆಮ್ಮು ಬಂದಾಗ ಮಾತ್ರ ಕೆಮ್ಮಿದೆ. ಐದನೇ ದಿನ ಆಯಮ್ಮ ಏಣಿ ಬಿಟ್ಟಳು. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ನನ್ನಷ್ಟು ಸಂತೋಷವಾಗಿದ್ದ ಮನುಷ್ಯ ಆ ಬೀದಿಯಲ್ಲಿ ಇರಲಿಕ್ಕಿಲ್ಲ. ಗುರುತಿಲ್ಲದ ಇಬ್ಬರಿಗೆ ನಮಸ್ಕಾರ ಹೇಳಿದೆ.

ಎರಡು ತಿಂಗಳಲ್ಲಿ ಅವಳ ನಾಲ್ಕು ಬೆರಳು ಐದರ ಕೆಲಸ ಕಲಿತವು. ದೊಡ್ಡ ಮಕ್ಕಳ ತರಗತಿ ಮತ್ತೆ ಅವಳ ಕೈಗೆ ಬಂತು. ಡಾಕ್ಟರು ಎರಡು ಸಲ ಸೂಜಿ ಚುಚ್ಚಿದರು. ನಾನು ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕಿ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ ಹೊರಡುತ್ತಿದ್ದೆ. ಹೆಂಡತಿ ಗೇಟಿನವರೆಗೂ ಬಂದು, "ಆಫೀಸಿಗೆ ಹೊತ್ತಾಯ್ತು ಸಾಹೇಬ್ರಿಗೆ," ಎಂದು ಅಣಕಿಸುವಳು, ಶರಟಿನ ಕಾಲರು ಸರಿ ಮಾಡುವಳು. ಕುಸುರಿ ಕೆಲಸ ಅಂದರೆ ಏನೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ಒಂದು ವಾಕ್ಯದಲ್ಲಿ ಒಂದು ಪದ ಎಲ್ಲಿ ಕೂರಬೇಕು ಎಂದು ಒಬ್ಬಳು ಗಂಟೆಗಟ್ಟಲೆ ಬಾರಿಸಿ ಕಂಡುಹಿಡಿಯುವುದನ್ನು ಹತ್ತಿರದಿಂದ ನೋಡಿದ ಮೇಲೆ ತಿಳಿಯಿತು. ಇಂಥದ್ದನ್ನು ನೋಡುವ ಭಾಗ್ಯ ಕಾಲೇಜು ಕಟ್ಟೆ ಹತ್ತಿದ ಎಷ್ಟು ಜನಕ್ಕೆ ಸಿಕ್ಕಿದೆ? ನನಗೆ ಸಿಕ್ಕಿತು. ಅದಕ್ಕೆ ಯಾರಿಗೆ ಕೈಮುಗಿಯಬೇಕೆಂದು ಗೊತ್ತಾಗದೆ ಎದುರಿಗೆ ಬಂದವರಿಗೆಲ್ಲ ಮುಗಿಯುತ್ತೇನೆ.

ಏಳನೇ ತಿಂಗಳಲ್ಲಿ ಕಾದಂಬರಿಯ ಕೊನೆಯ ಪುಟ ಬಂತು. ಅವಳು ಬಿಡುವಿಗೆ ಬಂದವಳು ಗೂಡಿಗೆ ಒರಗಲಿಲ್ಲ. ನನ್ನ ಮುಂದೆ ನಿಂತು ಬಲಗೈ ಚಾಚಿದಳು. ಬೆರಳುಗಳನ್ನು ನಿಧಾನವಾಗಿ ಮಡಿಸಿದಳು, ಬಿಚ್ಚಿದಳು. ಐದೂ ಬಿಚ್ಚಿಕೊಂಡವು, ಸದ್ದಿಲ್ಲದೆ.

"ಡಾಕ್ಟರು ಏನಂದ್ರು?"

"ದಿನಕ್ಕೆ ಅರ್ಧ ಪುಟ ಬರೀಬಹುದಂತೆ. ಇದೊಂದು ನಾನೇ ಬರೀಲಾ ಮಾವ?"

"ಅದನ್ನೂ ಕೇಳ್ತಾರೇನೇ," ಎಂದು ಸ್ಟೂಲು ಬಿಟ್ಟು ಎದ್ದೆ. ಪೆನ್ನು ಕೊಟ್ಟು ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ.

ಇಪ್ಪತ್ತು ನಿಮಿಷ ಆಗುತ್ತ ಬಂತು. ಕಾರಿಡಾರಿನಲ್ಲಿ ಮಕ್ಕಳು ಸಾಲಾಗಿ ಬಂದು ನಿಂತರು, ಅವರ ಶೂ ಎಲ್ಲ ಒಳಗೆ. ಮೇಡಂ ಕೋಲು ಹಿಡಿದು ಬಂದರು. ಗಡಿಯಾರ ನೋಡಿದರು, ಬಾಗಿಲು ನೋಡಿದರು, ನನ್ನನ್ನು ನೋಡಿದರು. ನಾನು ಎರಡು ಕೈ ಜೋಡಿಸಿ, ಇನ್ನೊಂದು ಚಣ ಎಂದು ಸನ್ನೆ ಮಾಡಿದೆ. ಬೈಗುಳಕ್ಕೆ ಬೆನ್ನು ಕೊಡಲು ಸಿದ್ಧನಾಗಿಯೇ ನಿಂತಿದ್ದೆ.

ಅವರು ಹತ್ತಿರ ಬಂದು ಕಿವಿಯಲ್ಲಿ ಕೇಳಿದರು. "ಆಯಮ್ಮ ಆಚೆ ದಡ ಮುಟ್ಟಿದ್ರಾ?"

"ನಿಮಗೆ ಹೇಗೆ ಗೊತ್ತು ಮೇಡಂ?"

"ಗೋಡೆ ತೆಳ್ಳಗಿದೆ ಯಜಮಾನ್ರೇ. ಏಳು ತಿಂಗಳಿಂದ ನಾನು ಬಿಡುವಲ್ಲಿ ಚಾ ಕುಡಿಯೋದು ಈ ಗೋಡೆ ಪಕ್ಕದಲ್ಲೇ."

"ಮುಟ್ಟೋದ್ರಲ್ಲಿದಾರೆ," ಅಂದೆ.

ಮೇಡಂ ಮಕ್ಕಳ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಇಪ್ಪತ್ತು ಮಕ್ಕಳು ಬರಿಗಾಲಲ್ಲಿ, ಗೋಡೆಗೆ ಬೆನ್ನು ಹಚ್ಚಿ, ಉಸಿರು ಬಿಗಿಹಿಡಿದು ನಿಂತರು. ಮೇಡಂ ಕೋಲನ್ನು ನೆಲಕ್ಕೆ ತಾಗದಂತೆ ಕಂಕುಳಲ್ಲಿ ಎತ್ತಿ ಇಟ್ಟುಕೊಂಡರು. ಅವತ್ತು ಆ ಶಾಲೆಯಲ್ಲಿ ತರಗತಿ ಶುರುವಾದದ್ದು ಹನ್ನೊಂದು ನಿಮಿಷ ತಡವಾಗಿ.